ಚರ್ಚಿನ ಹಳೆಯ ಸ್ಮಶಾನ: ಜೆಸಿಬಿ ತರಿಸುವ ಮೊದಲು ಏನೇನು ಯೋಚಿಸಬೇಕು?

ಪ್ರಶ್ನೆ
ತೂಗುಮಣೆ, ಹೊಸನಗರ ತಾಲ್ಲೂಕು

ಮಾನ್ಯರೇ,

ನಮ್ಮದು ಹೊಸನಗರ ತಾಲ್ಲೂಕಿನ ಒಂದು ಸಣ್ಣ ಕಥೋಲಿಕ ಧರ್ಮಕೇಂದ್ರ. ಚರ್ಚಿನ ಹಿಂಬದಿಯ ಇಳಿಜಾರಿನಲ್ಲಿರುವ ಸ್ಮಶಾನವು ಈಗಿನ ಚರ್ಚ್ ಕಟ್ಟಡಕ್ಕಿಂತಲೂ ಹಳೆಯದು. ಅದರ ಮೇಲ್ಭಾಗದಲ್ಲಿ ಜಂಬಿಟ್ಟಿಗೆಯಿಂದ ಕಟ್ಟಿ ಸುಣ್ಣದ ಗಾರೆ ಬಳಿದಿರುವ ಗೋರಿಗಳಿವೆ. ಕೆಲವಕ್ಕೆ ಅಮೃತಶಿಲೆಯ ಫಲಕಗಳಿದ್ದು, ಅಕ್ಷರಗಳಿಗೆ ತುಂಬಿದ್ದ ಸೀಸ ಅಲ್ಲಲ್ಲಿ ಕಿತ್ತುಹೋಗಿದೆ. ಕೆಳಭಾಗದಲ್ಲಿ ಹೆಸರಿಲ್ಲದ ಮಣ್ಣಿನ ದಿಬ್ಬಗಳೇ ಹೆಚ್ಚು. ಘಟ್ಟದ ಕೆಳಗಿನಿಂದ ಹತ್ತಿ ಬಂದ ಕೊಂಕಣಿ ಮನೆತನಗಳವರು, ತೋಟದ ಕೆಲಸಕ್ಕೆಂದು ಬಂದ ತಮಿಳರು, ಲಿಂಗನಮಕ್ಕಿ ಅಣೆಕಟ್ಟೆ ಕಟ್ಟುವ ಕಾಲದಲ್ಲಿ ಬಂದು ಈ ಕಡೆಯಲ್ಲೇ ನೆಲೆನಿಂತವರು, ಎಲ್ಲರೂ ಅಲ್ಲಿ ಮಣ್ಣಾಗಿದ್ದಾರೆ. ಅವರಲ್ಲಿ ಅನೇಕರ ಮಕ್ಕಳು ಮೊಮ್ಮಕ್ಕಳು ಬೆಂಗಳೂರನ್ನೋ ಮುಂಬಯಿಯನ್ನೋ ಕೊಲ್ಲಿ ರಾಷ್ಟ್ರಗಳನ್ನೋ ಸೇರಿರುವುದರಿಂದ, ನವೆಂಬರ್ 2ರ ಮೃತರ ಸ್ಮರಣೆಯ ದಿನದಂದು ಮೇಣದಬತ್ತಿ ಹಚ್ಚುವವರಿಲ್ಲದ ಗೋರಿಗಳ ಸಂಖ್ಯೆ ಹೆಚ್ಚುತ್ತಲೇ ಇದೆ.

ಪ್ರತಿ ವರ್ಷ ಅಕ್ಟೋಬರ್ ಕೊನೆಯ ಭಾನುವಾರ ಪೂಜೆ ಮುಗಿದ ಮೇಲೆ ನಾವೆಲ್ಲ ಕತ್ತಿ ಹಿಡಿದು ಹುಲ್ಲು ಸವರುತ್ತೇವೆ. ಮರುವರ್ಷದ ಹೊತ್ತಿಗೆ ಲಂಟಾನವೂ ಆಳೆತ್ತರದ ಹುಲ್ಲೂ ಮತ್ತೆ ಎದ್ದು ನಿಂತಿರುತ್ತವೆ. ಈ ಬಾರಿ ಊರಿನಿಂದ ಹೊರಗಿರುವ ಒಂದು ಕುಟುಂಬವು ಸ್ಮಶಾನದ ಜೀರ್ಣೋದ್ಧಾರಕ್ಕೆ ಉದಾರವಾಗಿ ಹಣ ಕೊಡಲು ಮುಂದೆ ಬಂದಿದೆ. ಜೆಸಿಬಿ ತರಿಸಿ ನೆಲವನ್ನು ಸಮ ಮಾಡಿ, ನಡುವೆ ಇಂಟರ್‌ಲಾಕ್ ಹಾಸಿ, ಹಳೆಯ ಗೋರಿಗಳಿಗೆಲ್ಲ ಸಿಮೆಂಟ್ ಪ್ಲಾಸ್ಟರ್ ಮಾಡಿ ಬಿಳಿಯ ಆಯಿಲ್ ಪೇಂಟ್ ಹೊಡೆಸಬೇಕು, ಬಿದ್ದಿರುವ ಪಾಗಾರವನ್ನು ಎಬ್ಬಿಸಬೇಕು ಎಂಬುದು ಅವರ ಆಶಯ. ಪಾಲನಾ ಪರಿಷತ್ತಿನಲ್ಲಿ ಬಹುತೇಕರು ಇದಕ್ಕೆ ಒಪ್ಪಿದ್ದಾರೆ. ಕೊಡುವವರ ಮನಸ್ಸಿನ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಆದರೆ ಹೀಗೆ ಮಾಡಿದರೆ ಸ್ಮಶಾನ ಹೊಸದಾದೀತೇ ಹೊರತು ಉಳಿದೀತೇ ಎಂಬ ಅಳುಕು ನನ್ನನ್ನು ಕಾಡುತ್ತಿದೆ. ಈ ಕೆಲಸಗಳಲ್ಲಿ ಯಾವುದನ್ನು ಮಾಡಬಹುದು, ಯಾವುದನ್ನು ಮಾಡಲೇಬಾರದು, ನವೆಂಬರಿನ ಒಳಗೆ ಮುಗಿಸುವ ಅವಸರ ತರವೇ, ವಾರಸುದಾರರಿಲ್ಲದ ಗೋರಿಗಳ ವಿಷಯದಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಅನುಭವವುಳ್ಳವರು ತಿಳಿಸಿದರೆ ಮುಂದಿನ ಸಭೆಯಲ್ಲಿ ಫಾದರ್ ಅವರ ಮುಂದೆ ಇಡಲು ಅನುಕೂಲವಾಗುತ್ತದೆ.


ಉತ್ತರ
ಗಾರೆಕಲ್ಲು, ಶಿವಮೊಗ್ಗ

ಹಳೆಯ ಕಟ್ಟಡಗಳ ದುರಸ್ತಿಯೇ ನನ್ನ ಉದ್ಯೋಗವಾದ್ದರಿಂದ, ತಮ್ಮ ಪಟ್ಟಿಯಲ್ಲಿ ಕಟ್ಟಡಕ್ಕೆ ಸಂಬಂಧಿಸಿದ ಅಂಶಗಳಿಗೆ ಮಾತ್ರ ಉತ್ತರಿಸುತ್ತೇನೆ.

ಜೆಸಿಬಿಯನ್ನು ಸ್ಮಶಾನದ ಒಳಗೆ ಬಿಡಲೇಬೇಡಿ. ಹೆಸರಿಲ್ಲದ ದಿಬ್ಬಗಳು ಕೆಳಭಾಗದಲ್ಲಿವೆ ಎಂದು ತಾವೇ ಬರೆದಿದ್ದೀರಿ. ಕಾಲ ಕಳೆದಂತೆ ದಿಬ್ಬ ಇಳಿದು ನೆಲದ ಮಟ್ಟಕ್ಕೆ ಬಂದಿರುತ್ತದೆ, ಕೆಲವೆಡೆ ಕುಸಿದು ತಗ್ಗೇ ಆಗಿರುತ್ತದೆ; ಯಂತ್ರದ ಬಕೆಟ್ಟಿಗೆ ಗೋರಿಯೂ ಒಂದೇ, ಬರಿಯ ನೆಲವೂ ಒಂದೇ. ಅದಕ್ಕಿಂತ ದೊಡ್ಡ ಅಪಾಯ ಇಳಿಜಾರಿನದು. ಆಗುಂಬೆ, ಹುಲಿಕಲ್ ಕಡೆಗಳಲ್ಲಿ ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಸುರಿಯುತ್ತದೆ, ನಿಮ್ಮ ತಾಲ್ಲೂಕು ಅದೇ ಸೆರಗಿನಲ್ಲಿದೆ. ಅಂಥ ಕಡೆ ಹುಲ್ಲುಬೇರು ಹಿಡಿದಿಟ್ಟಿರುವ ಮೇಲ್ಮಣ್ಣನ್ನು ಕೆರೆದು ಸಮ ಮಾಡಿದರೆ, ಚಿತ್ತೆ ಸ್ವಾತಿ ಮಳೆಗೆ ಮಣ್ಣು ಕೊಚ್ಚಿಹೋಗುವುದು, ಮರುವರ್ಷದ ಆಷಾಢಕ್ಕೆ ದರೆಯೇ ಜಾರುವುದು ಆಶ್ಚರ್ಯವಲ್ಲ. ರಸ್ತೆ ಅಗಲ ಮಾಡಲು ದರೆ ಕಡಿದ ಜಾಗಗಳಲ್ಲಿ ಏನಾಗಿದೆ ಎಂಬುದನ್ನು ಮಲೆನಾಡಿನವರಿಗೆ ಬೇರೆ ಹೇಳಬೇಕಾಗಿಲ್ಲ.

ಇಂಟರ್‌ಲಾಕ್ ಬಗ್ಗೆಯೂ ಇದೇ ಮಾತು. ನೆಲದ ಬಹುಭಾಗವನ್ನು ಮುಚ್ಚಿದರೆ ಇಂಗಬೇಕಾದ ನೀರು ಹರಿಯತೊಡಗುತ್ತದೆ, ಹರಿದದ್ದು ಕೆಳಗಿನ ಸಾಲಿನ ಗೋರಿಗಳ ಬುಡಕ್ಕೆ ಬಂದು ನಿಲ್ಲುತ್ತದೆ. ವೃದ್ಧರು ಜಾರದೆ ನಡೆಯಲೆಂದು ಒಂದು ಕಾಲುಹಾದಿಗೆ ಒರಟು ಕಲ್ಲುಚಪ್ಪಡಿ ಹಾಸಿದರೆ ಸಾಕು. ಕೊಟ್ಟ ಹಣದಲ್ಲಿ ಮೊದಲ ಪಾಲು ಹೋಗಬೇಕಾದದ್ದು ಯಾರ ಕಣ್ಣಿಗೂ ಬೀಳದ ಒಂದು ಕೆಲಸಕ್ಕೆ: ಸ್ಮಶಾನದ ಮೇಲಂಚಿನಲ್ಲಿ, ಗೋರಿಗಳಿಂದ ಸಾಕಷ್ಟು ದೂರ ಬಿಟ್ಟು, ಗುಡ್ಡದ ನೀರನ್ನು ಪಕ್ಕಕ್ಕೆ ತಿರುಗಿಸುವ ಬಸಿಗಾಲುವೆ. ಅಡಿಕೆ ತೋಟದಲ್ಲಿ ಕಾಲುವೆಯ ಓಟ ಬಲ್ಲ ಹಿರಿಯರೊಬ್ಬರು ಜೋರು ಮಳೆಯಲ್ಲಿ ಒಮ್ಮೆ ಕೊಡೆ ಹಿಡಿದು ನಿಂತು ನೋಡಿದರೆ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನನ್ನಂಥ ಇಂಜಿನಿಯರಿಗಿಂತ ಚೆನ್ನಾಗಿ ಹೇಳಬಲ್ಲರು.

ಇನ್ನು ಸಿಮೆಂಟ್. ಜಂಬಿಟ್ಟಿಗೆ ತೂತುತೂತಾದ ಕಲ್ಲು. ಅದು ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಸುಣ್ಣದ ಗಾರೆ ಆ ಉಸಿರಾಟಕ್ಕೆ ಅಡ್ಡಿಯಾಗುವುದಿಲ್ಲ. ಸಿಮೆಂಟ್ ಪ್ಲಾಸ್ಟರ್ ಕಲ್ಲಿಗಿಂತ ಗಡಸು, ನೀರಿನ ಆವಿಯನ್ನು ಸುಲಭವಾಗಿ ಹೊರಬಿಡುವುದಿಲ್ಲ. ಬುಡದಿಂದ ಏರಿದ ತೇವ ಅದರ ಹಿಂದೆ ಸಿಕ್ಕಿಕೊಂಡು, ಲವಣಗಳು ಅಲ್ಲಿಯೇ ಹರಳುಗಟ್ಟಿ ಕಲ್ಲಿನ ಮೈಯನ್ನು ಪುಡಿ ಮಾಡುತ್ತವೆ. ಒದ್ದೆ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಕೊಪ್ಪೆ ಹೊದ್ದುಕೊಂಡ ಹಾಗೆ. ಕೆಲವು ವರ್ಷ ಚೆನ್ನಾಗಿ ಕಾಣುತ್ತದೆ. ಆಮೇಲೆ ಪ್ಲಾಸ್ಟರ್ ಹಾಳೆಹಾಳೆಯಾಗಿ ಎದ್ದು, ಬೀಳುವಾಗ ಹಳೆಯ ಕಲ್ಲಿನ ಅಂಚುಗಳನ್ನೂ ಕಿತ್ತುಕೊಂಡೇ ಬೀಳುತ್ತದೆ. ಆಯಿಲ್ ಪೇಂಟ್ ಮಾಡುವ ಕೇಡೂ ಇದೇ ಬಗೆಯದು, ಜೊತೆಗೆ ಕೊರೆದ ಅಕ್ಷರಗಳ ಒಳಗೆ ತುಂಬಿಕೊಂಡು ಓದಲು ಬಾರದಂತೆ ಮಾಡುತ್ತದೆ. ಬಿಳಿಯೇ ಬೇಕೆಂದಾದರೆ ಗಾರೆ ಬಳಿದ ಗೋರಿಗಳಿಗೆ ತೆಳುವಾದ ಸುಣ್ಣ ಹೊಡೆಯಿರಿ. ಹಿಂದಿನವರು ಅದನ್ನೇ ಮಾಡುತ್ತಿದ್ದರು, ಅಗ್ಗವೂ ಹೌದು. ಅಮೃತಶಿಲೆಗೂ ಕೆತ್ತನೆಯಿರುವ ಕಲ್ಲಿಗೂ ಅದೂ ಬೇಡ.

ಗಾರೆ ಕೆಲಸಕ್ಕೆ ಒಂದು ಪಾಲು ಅರಳಿಸಿದ ಸುಣ್ಣ, ಮೂರು ಪಾಲು ತೊಳೆದ ಮರಳು ಎಂಬುದು ಸಾಮಾನ್ಯ ಲೆಕ್ಕ. ಹೊನ್ನಾವರ, ಕುಂದಾಪುರದ ಕಡೆಯ ಕಪ್ಪೆಚಿಪ್ಪಿನ ಸುಣ್ಣ ಸಿಕ್ಕರೆ ಒಳ್ಳೆಯದು. ಸುಣ್ಣ ಅರಳಿಸುವಾಗ ಅದು ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಶ್ರಮದಾನಕ್ಕೆ ಬಂದ ಹುಡುಗರಿಗೆ ಈ ಕೆಲಸ ಒಪ್ಪಿಸಬೇಡಿ. ಸುಣ್ಣದ ಗಾರೆಯು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುವಂಥದ್ದು, ಆದ್ದರಿಂದ ಮಳೆ ಹೊಡೆದರೂ ಕೆಡುತ್ತದೆ, ಬಿಸಿಲಿಗೆ ಬೇಗ ಒಣಗಿದರೂ ಕೆಡುತ್ತದೆ. ಮಲೆನಾಡಿನಲ್ಲಿ ಅದಕ್ಕೆ ತಕ್ಕ ಕಾಲ ಡಿಸೆಂಬರಿನಿಂದ ಫೆಬ್ರವರಿ. ಒದ್ದೆ ಗೋಣಿ ಹೊದಿಸಿ ಕೆಲವು ದಿನ ತೇವ ಆರದಂತೆ ನೋಡಿಕೊಳ್ಳಬೇಕು. ಮೊದಲ ಮಳೆಗಾಲಕ್ಕೆ ಮನೆಯ ಮಣ್ಣುಗೋಡೆಗೆ ಕಟ್ಟುವಂತೆಯೇ ಅಡಿಕೆ ಸೋಗೆಯ ತಡಿಕೆ ಕಟ್ಟಿದರೆ ಹೊಸ ಗಾರೆಗೆ ಇರಿಚಲು ಬಡಿಯುವುದಿಲ್ಲ. ಹೀಗಾಗಿ ನವೆಂಬರ್ 2ರ ಒಳಗೆ ಗಾರೆ ಕೆಲಸ ಮುಗಿಸುವ ಮಾತೇ ಬರುವುದಿಲ್ಲ. ಆ ದಿನಕ್ಕೆ ಹುಲ್ಲು ಸವರಿ ಹಾದಿ ಬಿಡಿಸಿದರೆ ಧಾರಾಳವಾಯಿತು.

ತೊಳೆಯುವ ವಿಷಯ ಚಿಕ್ಕದೆಂದು ಕಂಡರೂ ಹೆಚ್ಚು ಹಾನಿಯಾಗುವುದು ಅಲ್ಲಿಯೇ. ತಂತಿ ಬ್ರಷ್ಷು, ಬ್ಲೀಚಿಂಗ್ ಪುಡಿ, ಶೌಚಾಲಯ ತೊಳೆಯುವ ಆಸಿಡ್, ಕಾರು ತೊಳೆಯುವ ಒತ್ತಡದ ನೀರು, ಈ ನಾಲ್ಕೂ ದೂರವಿರಲಿ. ಅಮೃತಶಿಲೆ ಆಮ್ಲದಲ್ಲಿ ಕರಗುವ ಕಲ್ಲು. ಹಿತ್ತಾಳೆ ಬೆಳಗುವ ಹುಣಸೆಹುಳಿಯೂ ನಿಂಬೆರಸವೂ ಅದರ ಹೊಳಪನ್ನು ತಿನ್ನುತ್ತವೆ. ಮೊದಲು ಕಲ್ಲನ್ನು ಶುದ್ಧ ನೀರಿನಲ್ಲಿ ಚೆನ್ನಾಗಿ ನೆನೆಸಿ, ಮೃದುವಾದ ನೈಲಾನ್ ಬ್ರಷ್ಷಿನಿಂದ ಕೆಳಗಿನಿಂದ ಮೇಲಕ್ಕೆ ತಿಕ್ಕುತ್ತ ಬನ್ನಿ, ಕೊಳೆನೀರು ಒಣಗುವ ಮೊದಲೇ ತೊಳೆದುಬಿಡಿ. ಕಲ್ಲುಹೂವು ಹಿಡಿದಿದ್ದರೆ ನೆನೆದ ಮೇಲೆ ಬಿದಿರಿನ ಚಕ್ಕೆಯಿಂದ ಮೆಲ್ಲಗೆ ಎಬ್ಬಿಸಬಹುದು, ಬಾರದಿದ್ದರೆ ಬಿಟ್ಟುಬಿಡಿ. ಅಲುಗಾಡುವ, ಪುಡಿ ಉದುರುವ, ಸೀಳು ಬಿಟ್ಟ ಕಲ್ಲುಗಳನ್ನು ತೊಳೆಯುವುದೇ ಬೇಡ. ಹಾಗೆಯೇ ಹುಲ್ಲು ಹೊಡೆಯುವ ವೀಡ್ ಕಟರ್ ಗೋರಿಯಿಂದ ಎರಡು ಅಡಿ ದೂರದಲ್ಲಿಯೇ ನಿಲ್ಲಲಿ, ಉಳಿದದ್ದನ್ನು ಕೈಯಲ್ಲಿ ಕೀಳಿ. ಬ್ಲೇಡು ತಾಗಿ ಬುಡದಲ್ಲಿ ಗಾಯವಾದ ಗೋರಿಕಲ್ಲುಗಳನ್ನು ನಾನು ನೋಡಿದಷ್ಟು ಬೇರೆ ಯಾವ ಹಾನಿಯನ್ನೂ ನೋಡಿಲ್ಲ. ಕಳೆನಾಶಕ ಸಿಂಪಡಿಸುವ ಸಲಹೆ ಖಂಡಿತ ಬರುತ್ತದೆ, ಒಪ್ಪಬೇಡಿ; ಬೋಳಾದ ಇಳಿಜಾರಿನ ಮಣ್ಣನ್ನು ಆಮೇಲೆ ಹಿಡಿದಿಡುವವರು ಯಾರು?

ಗೋರಿಯ ಸಂದಿಯಲ್ಲಿ ಗೋಳಿ, ಬಸರಿ, ಅಶ್ವತ್ಥದ ಸಸಿಗಳು ಹುಟ್ಟಿದ್ದರೆ ಅವು ಎಳೆಯವಾಗಿರುವಾಗಲೇ ಕೈಯಲ್ಲಿ ಕಿತ್ತುಬಿಡಬೇಕು. ಬೇರು ಬಲಿತಿದ್ದರೆ ಎಳೆಯಬೇಡಿ, ಕಟ್ಟಡವೂ ಜೊತೆಗೇ ಬರುತ್ತದೆ. ಬುಡ ಕತ್ತರಿಸಿ, ಚಿಗುರಿದಾಗಲೆಲ್ಲ ಸವರುತ್ತ, ಬೇರು ಸತ್ತು ಕುಂಬಾದ ಮೇಲೆ ತೆಗೆದು ಆ ಜಾಗವನ್ನು ಗಾರೆಯಿಂದ ತುಂಬುವುದು ಸರಿಯಾದ ಕ್ರಮ.


ಉತ್ತರ
ಚಕ್ಕುಬಂದಿ, ಸಾಗರ

ನಾನು ಭೂಮಾಪನ ಇಲಾಖೆಯಲ್ಲಿದ್ದು ನಿವೃತ್ತನಾದವನು. ಪಾಗಾರ ಎಬ್ಬಿಸುವ ಮಾತು ಬಂದಿರುವುದರಿಂದ ಒಂದು ಸೂಚನೆ: ಗೋಡೆಗೆ ಪಾಯ ತೆಗೆಯುವ ಮೊದಲು ಹದ್ದುಬಸ್ತು, ಅಂದರೆ ಸರ್ಕಾರಿ ಅಳತೆಯಿಂದ ಗಡಿ ಗುರುತು, ಮಾಡಿಸಿಕೊಳ್ಳಿ. ಮಲೆನಾಡಿನಲ್ಲಿ ಹಳೆಯ ಪಾಗಾರ ಬಿದ್ದ ಮೇಲೆ ಪಕ್ಕದ ತೋಟ, ಸೊಪ್ಪಿನಬೆಟ್ಟ, ಕಾಲುದಾರಿ ಇವು ನಿಧಾನವಾಗಿ ಒಳಗೆ ಸರಿದಿರುತ್ತವೆ. ಯಾರೂ ಕೇಡು ಬಗೆದು ಮಾಡಿರುವುದಿಲ್ಲ. ನೀವು ಬಿದ್ದ ಕಲ್ಲಿನ ಸಾಲನ್ನೇ ಗಡಿಯೆಂದು ನಂಬಿ ಕಟ್ಟಿದಿರೋ, ನಾಳೆ ನ್ಯಾಯಾಲಯಕ್ಕೆ ಅಲೆಯಬೇಕಾದೀತು.

ಮೊದಲು ಪಹಣಿಯ 9ನೇ ಕಲಮಿನಲ್ಲಿ ಯಾರ ಹೆಸರಿದೆ ನೋಡಿ. ಚರ್ಚಿನ ಅಥವಾ ಧರ್ಮಕ್ಷೇತ್ರದ ಸಂಸ್ಥೆಯ ಹೆಸರಿದ್ದರೆ ದಾರಿ ಸುಲಭ. ಕೆಲವೆಡೆ ಸ್ಮಶಾನವು ಸರ್ಕಾರಿ ಬಿ ಖರಾಬು ಎಂದು ದಾಖಲಾಗಿರುತ್ತದೆ, ಅಂದರೆ ಸಾರ್ವಜನಿಕ ಉದ್ದೇಶಕ್ಕೆ ಬಿಟ್ಟ ಜಮೀನು. ಆಗ ಗೋಡೆಯಂಥ ಕಾಯಂ ಕಟ್ಟಡಕ್ಕೆ ಮುನ್ನ ತಹಶೀಲ್ದಾರರ ಗಮನಕ್ಕೆ ತರಲೇಬೇಕು. ಟಿಪ್ಪಣಿ (ಮೂಲ ಅಳತೆಯ ನಕ್ಷೆ), ಆಕಾರ್‌ಬಂದ್ (ವಿಸ್ತೀರ್ಣ ಮತ್ತು ಕಂದಾಯದ ದಾಖಲೆ), ಗ್ರಾಮ ನಕಾಶೆಗಳ ದೃಢೀಕೃತ ನಕಲು ಪಡೆದುಕೊಂಡು ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಭೂಮಾಪಕರು ಬಾಜುದಾರರಿಗೆ ನೋಟಿಸ್ ಕೊಟ್ಟು, ಎಲ್ಲರೆದುರು ಅಳೆದು ಗಡಿಕಲ್ಲು ತೋರಿಸುತ್ತಾರೆ. ಅಳತೆಯ ದಿನ ಬಾಜುದಾರರನ್ನು ಚಹಾಕ್ಕೆ ಕರೆಯುವುದು ಕಾನೂನಿನಲ್ಲಿ ಬರೆದಿಲ್ಲವಾದರೂ ನನ್ನ ಸೇವೆಯಲ್ಲಿ ಅದರಷ್ಟು ಫಲ ಕೊಟ್ಟ ಕ್ರಮ ಬೇರೊಂದಿಲ್ಲ. ಸ್ಮಶಾನದ ಒಳಗಿಂದ ಯಾರಾದರೂ ಬಹುಕಾಲದಿಂದ ನಡೆದಾಡುತ್ತಿದ್ದರೆ, ಗೋಡೆ ಕಟ್ಟುವ ಮುನ್ನವೇ ಅವರೊಂದಿಗೆ ಕೂತು ಅಂಚಿನಲ್ಲಿ ಬದಲಿ ದಾರಿ ಬಿಟ್ಟುಕೊಡಿ. ದನ ನುಗ್ಗದಿರಲು ತಡಮೆ ಅಥವಾ ಸಣ್ಣ ಗೇಟು ಸಾಕು.

ಮರಗಳ ಬಗ್ಗೆ ಇಂಜಿನಿಯರ್ ಅವರು ಬರೆದದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಸ್ಮಶಾನದಲ್ಲಿ ಕತ್ತಿ ಬೀಳದೆ ಬೆಳೆದ ಬೀಟೆ, ಹೊನ್ನೆ, ಶ್ರೀಗಂಧ ಇರುವ ಸಂಭವ ಹೆಚ್ಚು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಖಾಸಗಿ ಜಾಗದ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಗೋರಿಯ ಮೇಲೆ ಬಾಗಿದ ಕೊಂಬೆಯೆಂದು ತಾವಾಗಿಯೇ ಗರಗಸ ಹಾಕಲು ಹೋಗಬೇಡಿ. ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಸ್ಥಳ ಪರಿಶೀಲನೆ ಮಾಡಿಸಿ.


ಉತ್ತರ
ಮೂರುದಾರಿ, ಕೊಪ್ಪ

ಮೇಲಿನ ಇಬ್ಬರೂ ಹೇಳಿದ್ದನ್ನು ಗೌರವಿಸುತ್ತೇನೆ, ಆದರೆ ಸ್ಮಶಾನವು ವಸ್ತುಸಂಗ್ರಹಾಲಯವಲ್ಲ ಎಂಬುದನ್ನೂ ನೆನಪಿಡಬೇಕು. ನಮ್ಮ ಚರ್ಚಿನಲ್ಲಿ ಜಾಗವೇ ಮುಗಿದಿದೆ. ಹೊಸದಾಗಿ ಜಮೀನು ಕೊಳ್ಳುವ ಶಕ್ತಿ ನಮಗಿಲ್ಲ, ಕೊಂಡರೂ ಮನೆಗಳ ನಡುವೆ ಸ್ಮಶಾನಕ್ಕೆ ಅನುಮತಿ ದೊರಕುವುದು ಕಷ್ಟ. ಕರಾವಳಿಯ ಅನೇಕ ಚರ್ಚುಗಳಲ್ಲಿ ಕೆಲವು ವರ್ಷ ಕಳೆದ ಗುಂಡಿಯನ್ನು ಮತ್ತೆ ತೆರೆದು, ಸಿಕ್ಕ ಅಸ್ಥಿಯನ್ನು ಗೌರವದಿಂದ ಒಂದೆಡೆ ಸೇರಿಸಿ, ಅದೇ ಜಾಗದಲ್ಲಿ ಇನ್ನೊಬ್ಬರನ್ನು ಮಣ್ಣು ಮಾಡುವುದು ಹಿಂದಿನಿಂದ ಬಂದ ರೂಢಿ. ಕೇರಳದಿಂದ ನರಸಿಂಹರಾಜಪುರದ ಕಡೆ ಬಂದು ನೆಲೆಸಿದವರಲ್ಲಿ ಮನೆತನಕ್ಕೊಂದು ಕಲ್ಲರೆ (ಕಟ್ಟಿದ ಗೋರಿಕೋಣೆ) ಕಟ್ಟಿ ಅದರಲ್ಲಿಯೇ ತಲೆಮಾರುಗಳವರನ್ನು ಇಡುವುದುಂಟು. ನೂರು ವರ್ಷ ಯಾರೂ ಬಂದು ನೋಡದ ಗೋರಿಗೆ ಜಾಗ ಹಿಡಿದಿಟ್ಟು, ನಿನ್ನೆ ತೀರಿಕೊಂಡ ಬಡವನಿಗೆ ಜಾಗವಿಲ್ಲವೆನ್ನುವುದು ಯಾವ ನ್ಯಾಯ? ಹೀಗಾಗಿ ವಾರಸುದಾರರಿಲ್ಲದ ಗೋರಿಗಳನ್ನು ತೆರವು ಮಾಡುವ ನಿಯಮವನ್ನು ತಮ್ಮ ಪರಿಷತ್ತು ಈಗಲೇ ಮಾಡಿಕೊಳ್ಳುವುದು ಮೇಲು.


ಉತ್ತರ
ಹಳೆಬರಹ, ಶಂಕರಘಟ್ಟ

ಕೊಪ್ಪದ ಮಿತ್ರರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. 1983ರ ಕಥೋಲಿಕ ಧರ್ಮಸಂಹಿತೆಯ 1243ನೇ ನಿಯಮವು ಸ್ಮಶಾನದ ಶಿಸ್ತನ್ನು, ವಿಶೇಷವಾಗಿ ಅದರ ಪಾವಿತ್ರ್ಯದ ರಕ್ಷಣೆಯನ್ನು, ಸ್ಥಳೀಯ ಧರ್ಮಸಭೆಯ ನಿಯಮಗಳಿಗೆ ಬಿಟ್ಟಿದೆ. ಆದ್ದರಿಂದ ಮರುಬಳಕೆಯ ಪ್ರಶ್ನೆಯನ್ನು ಬಿಷಪರ ಕಚೇರಿಯೊಂದಿಗೆ ಚರ್ಚಿಸಿಯೇ ತೀರ್ಮಾನಿಸಬೇಕು, ಪರಿಷತ್ತಿನ ಒಂದು ಸಭೆಯಲ್ಲಿ ಕೈಯೆತ್ತಿ ಅಲ್ಲ. ಆದರೆ ಯಾವ ಗೋರಿಗೆ ವಾರಸುದಾರರಿಲ್ಲ ಎಂದು ತಿಳಿಯುವುದಾದರೂ ಹೇಗೆ? ಅಲ್ಲಿ ಯಾರಿದ್ದಾರೆ ಎಂಬುದೇ ಗೊತ್ತಿಲ್ಲದಾಗ ವಾರಸುದಾರರನ್ನು ಹುಡುಕಲು ಬರುವುದಿಲ್ಲ. ಮರುಬಳಕೆ ಮಾಡುವವರಿಗೂ ಸಂರಕ್ಷಣೆ ಮಾಡುವವರಿಗೂ ಮೊದಲ ಕೆಲಸ ಒಂದೇ, ದಾಖಲಿಸುವುದು. ಕತ್ತಿ, ಬ್ರಷ್ಷು, ಗಾರೆ ಎಲ್ಲವೂ ಅದರ ನಂತರ.

ಇದು ನಮ್ಮ ಸೀಮೆಗೆ ಹೊಸ ವಿದ್ಯೆಯೇನಲ್ಲ. ಮಲೆನಾಡಿನ ಊರೂರಲ್ಲಿ ವೀರಗಲ್ಲು, ಮಾಸ್ತಿಗಲ್ಲುಗಳಿವೆ. ಸತ್ತವರ ಹೆಸರನ್ನು ಕಲ್ಲಿನಲ್ಲಿ ನಿಲ್ಲಿಸುವುದು ಇಲ್ಲಿ ಬಹು ಹಳೆಯ ಪದ್ಧತಿ. ಬಿ.ಎಲ್. ರೈಸ್ ಅವರು ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಎರಡು ಸಂಪುಟಗಳಾಗಿ 1902 ಮತ್ತು 1904ರಲ್ಲಿ ಹೊರತಂದರು. ಆ ಕಲ್ಲುಗಳಲ್ಲಿ ಕೆಲವು ಈಗ ಸವೆದಿವೆ, ಕೆಲವು ಕಾಣೆಯಾಗಿವೆ. ಓದು ಮಾತ್ರ ಪುಸ್ತಕದಲ್ಲಿ ಉಳಿದಿದೆ. ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆದ ಗೋರಿಕಲ್ಲುಗಳೂ ತಮಿಳು, ಇಂಗ್ಲಿಷ್ ಫಲಕಗಳೂ ಅಂಥ ಯಾವ ಸಂಪುಟದಲ್ಲೂ ಸೇರಿಲ್ಲ. ಅವುಗಳನ್ನು ಓದಿ ಇಡಬೇಕಾದವರು ಆಯಾ ಊರಿನವರೇ.

ವಿಧಾನ ಸರಳ. ಒಂದು ಸ್ಥಿರವಾದ ಜಾಗದಿಂದ, ಉದಾಹರಣೆಗೆ ಸ್ಮಶಾನದ ನಡುವಿನ ದೊಡ್ಡ ಶಿಲುಬೆಯಿಂದ, ಟೇಪು ಹಿಡಿದು ಅಳೆದು ಕೈನಕ್ಷೆ ಬರೆಯಿರಿ. ಮರಗಳ ಕೆಳಗೆ ಮೊಬೈಲಿನ ಜಿಪಿಎಸ್ ಹಲವು ಮೀಟರ್ ತಪ್ಪು ತೋರಿಸುವುದರಿಂದ ಗೋರಿ ಗೋರಿಗಳ ನಡುವೆ ಅದನ್ನು ನಂಬಲಾಗದು. ಸಾಲಿಗೊಂದು ಅಕ್ಷರ, ಗೋರಿಗೊಂದು ಸಂಖ್ಯೆ ಕೊಡಿ, ಹೆಸರಿಲ್ಲದ ದಿಬ್ಬಕ್ಕೂ ಸಂಖ್ಯೆ ಬೇಕು. ಸಂಖ್ಯೆಯನ್ನು ಗೂಟಕ್ಕೆ ಕಟ್ಟಿ, ಕಲ್ಲಿನ ಮೇಲೆ ಬರೆಯಬೇಡಿ. ಬರಹವನ್ನು ಇದ್ದಂತೆಯೇ, ಕಾಗುಣಿತದ ತಪ್ಪುಗಳನ್ನೂ ತಿದ್ದದೆ, ಸಾಲು ಮುರಿದಲ್ಲಿಯೇ ಮುರಿದು ನಕಲು ಮಾಡಿ. ಮಸುಕಾದ ಅಕ್ಷರ ಕಾಣಲೆಂದು ಸೀಮೆಸುಣ್ಣ, ಇದ್ದಿಲಪುಡಿ, ಹಿಟ್ಟು ತಿಕ್ಕುವ ಅಭ್ಯಾಸ ಬೇಡ. ಮೋಡ ಮುಸುಕಿದ ಹೊತ್ತಿನಲ್ಲಿ ಅಥವಾ ಸಂಜೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಓರೆಯಾಗಿ ಹಿಡಿದರೆ ಅಕ್ಷರದ ನೆರಳು ತಾನಾಗಿ ಎದ್ದು ಬರುತ್ತದೆ. ಹಗಲಿನಲ್ಲಾದರೆ ಗೋಡೆಗನ್ನಡಿಯಿಂದ ಬಿಸಿಲನ್ನು ಅಡ್ಡ ಬೀಳಿಸಬಹುದು. ಸೀಸ ಉದುರಿದ ಅಮೃತಶಿಲೆಯಲ್ಲಿ ಸೀಸ ಹಿಡಿದಿಡಲು ಕೊರೆದ ಸಣ್ಣ ತೂತುಗಳು ಉಳಿದಿರುತ್ತವೆ, ಅವುಗಳ ಸಾಲಿನಿಂದಲೇ ಅಕ್ಷರವನ್ನು ಗುರುತಿಸಬಹುದು. ಧರ್ಮೋಪದೇಶ ತರಗತಿಯ ಮಕ್ಕಳಿಗೆ ಈ ಕೆಲಸ ಬಹಳ ಹಿಡಿಸುತ್ತದೆ, ಆದರೆ ಪ್ರತಿ ಓದನ್ನೂ ಇನ್ನೊಬ್ಬರು ಸ್ವತಂತ್ರವಾಗಿ ಓದಿ ಹೋಲಿಸಬೇಕು. 3 ಮತ್ತು 8 ಅದಲುಬದಲಾಗುವುದು ಅತಿ ಸಾಮಾನ್ಯ.

ಹೆಸರಿಲ್ಲದ ದಿಬ್ಬಗಳಿಗೆ ಇರುವ ಏಕೈಕ ಲಿಖಿತ ಆಧಾರವೆಂದರೆ ಧರ್ಮಕೇಂದ್ರದ ಮೃತರ ದಾಖಲೆ ಪುಸ್ತಕ. ಪ್ರತಿ ಸಮಾಧಿಕ್ರಿಯೆಯ ಬಳಿಕ ಅದರಲ್ಲಿ ನಮೂದು ಮಾಡಬೇಕೆಂಬುದು ಚರ್ಚಿನದೇ ಕಟ್ಟಳೆ. ಮಲೆನಾಡಿನಲ್ಲಿ ಮರದ ಶಿಲುಬೆ ಕೆಲವು ಮಳೆಗಾಲಗಳಲ್ಲಿ ಗೆದ್ದಲಿಗೆ ಮಣ್ಣಾಗುತ್ತದೆ, ಪುಸ್ತಕದ ಸಾಲು ಉಳಿದಿರುತ್ತದೆ. ಹಳೆಯ ಪುಟಗಳು ಲ್ಯಾಟಿನ್‌ನಲ್ಲಿರಬಹುದು, ಫಾದರ್ ಅವರ ನೆರವು ಬೇಕಾದೀತು. ಪುಸ್ತಕ ನಿಮ್ಮಲ್ಲಿ ಸಿಗದಿದ್ದರೆ ಶಿವಮೊಗ್ಗದಲ್ಲಿ ಮಾತ್ರ ಹುಡುಕಿ ನಿಲ್ಲಬೇಡಿ. ಶಿವಮೊಗ್ಗ ಧರ್ಮಕ್ಷೇತ್ರ ಸ್ಥಾಪನೆಯಾದದ್ದು 1988ರಲ್ಲಿ; ಅದಕ್ಕೆ ಮೊದಲು ಈ ಭಾಗ ಚಿಕ್ಕಮಗಳೂರಿಗೆ ಸೇರಿತ್ತು, ಚಿಕ್ಕಮಗಳೂರು 1963ರಲ್ಲಿ ಮೈಸೂರಿನಿಂದ ಬೇರೆಯಾಯಿತು. ಮೈಸೂರು ಸೀಮೆಯಲ್ಲಿ ದುಡಿದ ಪ್ಯಾರಿಸ್ ವಿದೇಶ ಮಿಷನ್ನಿನ ಗುರುಗಳ ಕಾಗದಪತ್ರಗಳು ಆ ಸಂಸ್ಥೆಯ ಪ್ಯಾರಿಸ್ ದಫ್ತರದಲ್ಲಿವೆ. ಹಾಗೆಯೇ ಊರಿನ ಅತಿ ಹಿರಿಯರನ್ನು ಸ್ಮಶಾನಕ್ಕೆ ಕರೆದುಕೊಂಡು ಹೋಗಿ, ಅವರು ಹೇಳಿದ್ದನ್ನು ಹೇಳಿದವರ ಹೆಸರಿನೊಂದಿಗೆ ಬೇರೆಯಾಗಿ ಬರೆದಿಡಿ. ನೆನಪನ್ನೂ ದಾಖಲೆಯನ್ನೂ ಒಂದೇ ಕಲಮಿನಲ್ಲಿ ಬೆರೆಸಬಾರದು. ವರ್ಷಗಳನ್ನು ಜೋಡಿಸಿದಾಗ ಕೆಲವು ಸಾಲುಗಳಲ್ಲಿ ಎಳೆಮಕ್ಕಳ ಗೋರಿಗಳು ಒತ್ತಾಗಿ ಬಂದರೆ ಬೆರಗಾಗಬೇಡಿ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟ ಪ್ಲೇಗು, 1918ರ ಇನ್‌ಫ್ಲುಯೆಂಜಾ, ಮಲೆನಾಡನ್ನು ತಲೆಮಾರುಗಟ್ಟಲೆ ಕಾಡಿದ ಮಲೇರಿಯಾ, ಇವೆಲ್ಲ ಸ್ಮಶಾನಗಳನ್ನು ತುಂಬಿಸಿವೆ. ಆದರೆ ಪುಸ್ತಕದಲ್ಲಿ ಕಾರಣ ಬರೆದಿಲ್ಲದಿದ್ದರೆ ತಾವಾಗಿ ಕಾರಣ ಕಟ್ಟಬೇಡಿ.

ನೂರು ವರ್ಷ ದಾಟಿದೆಯಾದ್ದರಿಂದ ಸರ್ಕಾರ ನೋಡಿಕೊಳ್ಳುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಹಾಗಿಲ್ಲ. 1958ರ ಕೇಂದ್ರ ಕಾಯ್ದೆಯಡಿಯಾಗಲಿ 1961ರ ರಾಜ್ಯ ಕಾಯ್ದೆಯಡಿಯಾಗಲಿ ಅಧಿಸೂಚನೆಯ ಮೂಲಕ ಸಂರಕ್ಷಿತವೆಂದು ಘೋಷಿತವಾದ ಸ್ಮಾರಕಗಳಿಗೆ ಮಾತ್ರ ಆ ರಕ್ಷಣೆ. ಯುರೋಪಿಯನ್ನರ ಗೋರಿಗಳಿದ್ದರೆ, 1976ರಲ್ಲಿ ಲಂಡನ್ನಿನಲ್ಲಿ ಆರಂಭವಾದ ದಕ್ಷಿಣ ಏಷ್ಯಾ ಸ್ಮಶಾನಗಳ ಬ್ರಿಟಿಷ್ ಸಂಘವು ಸ್ಥಳೀಯರ ದುರಸ್ತಿ ಕೆಲಸಕ್ಕೆ ಸಣ್ಣ ಪ್ರಮಾಣದ ನೆರವು ನೀಡುವುದುಂಟು. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಹೊಣೆ ಎರಡು ಮಹಾಯುದ್ಧಗಳ ಅವಧಿಯಲ್ಲಿ ಮಡಿದ ಸೈನಿಕರಿಗೆ ಸೀಮಿತ. ಈ ಎರಡು ಮೂಲಗಳಿಂದ ಹಣ ಬಂದರೂ ಅದು ಮೇಲಿನ ಸಾಲಿನ ಅಮೃತಶಿಲೆಗೆ ಸಂದೀತು. ಕೆಳಗಿನ ಸಾಲಿನ ತಮಿಳು ಕೂಲಿಕಾರರ ದಿಬ್ಬಗಳಿಗೆ ನಿಮ್ಮ ಧರ್ಮಕೇಂದ್ರವನ್ನು ಬಿಟ್ಟರೆ ಬೇರೆ ದಿಕ್ಕಿಲ್ಲ. ನನ್ನನ್ನು ಕೇಳಿದರೆ ದಾನಿಗಳ ಹಣ ಮೊದಲು ಅತ್ತ ಹೋಗಬೇಕು.


ಉತ್ತರ
ಇಂಬಳ, ತೀರ್ಥಹಳ್ಳಿ

ಎಲ್ಲರೂ ಕಲ್ಲಿನ ಆರೋಗ್ಯವನ್ನು ಬರೆದಿದ್ದೀರಿ, ನಾನು ಆರೋಗ್ಯ ಕಾರ್ಯಕರ್ತೆಯಾಗಿ ಜನರ ಆರೋಗ್ಯದ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಗಾರೆ ಕೆಲಸಕ್ಕೆ ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲವೆಂದು ಮೇಲೆ ಬರೆದಿದ್ದಾರೆ. ಮಂಗನ ಕಾಯಿಲೆಯ ಕಾಲವೂ ಅದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಜ್ವರವನ್ನು ಹರಡುವುದು ಉಣುಗು, ಅದರಲ್ಲೂ ಕಣ್ಣಿಗೆ ಸುಲಭವಾಗಿ ಬೀಳದಷ್ಟು ಸಣ್ಣ ಮರಿ ಉಣುಗು. ಕಾಡಂಚಿನ ಸ್ಮಶಾನದ ತರಗೆಲೆ, ಲಂಟಾನದ ಪೊದೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ಶ್ರಮದಾನದ ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಸುತ್ತಮುತ್ತ ಮಂಗ ಸತ್ತ ವರದಿಯಿದ್ದರೆ ಕೆಲಸವನ್ನು ಮುಂದೂಡಿ. ಉಣುಗು ಹತ್ತದಂತೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು, ಮೈ ತುಂಬ ಬಟ್ಟೆ ತೊಟ್ಟು, ಪ್ಯಾಂಟನ್ನು ಕಾಲುಚೀಲದ ಒಳಗೆ ಸೇರಿಸಿಕೊಂಡು ಹೋಗಬೇಕು. ಊಟಕ್ಕೆ ತರಗೆಲೆಯ ಮೇಲೆ ಕೂರಬಾರದು. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸೋಪು ಹಚ್ಚಿ ಸ್ನಾನ ಮಾಡಬೇಕು. ಆಮೇಲಿನ ದಿನಗಳಲ್ಲಿ ಜೋರು ಜ್ವರ, ತಲೆನೋವು, ಸೊಂಟನೋವು ಕಂಡರೆ ಸ್ಮಶಾನದಲ್ಲಿ ಕೆಲಸ ಮಾಡಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಕುಸಿದ ಗೋರಿಯ ಬಿರುಕಿಗೆ ಬರಿಗೈ ಹಾಕುವುದೂ ಬೇಡ. ಕೊಳಕುಮಂಡಲಕ್ಕೆ ಅಂಥ ತಂಪು ಸಂದು ಇಷ್ಟ. ಮೊದಲು ಕೋಲಿನಿಂದ ಸದ್ದು ಮಾಡಿ, ಕಡಿತವಾದರೆ ನಾಟಿ ಔಷಧಿಗೆ ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿ.


ಪ್ರತಿಕ್ರಿಯೆ
ತೂಗುಮಣೆ, ಹೊಸನಗರ ತಾಲ್ಲೂಕು

ಇಷ್ಟು ವಿವರವಾಗಿ ಬರೆದುದಕ್ಕೆ ಎಲ್ಲರಿಗೂ ಕೃತಜ್ಞ. ತಮ್ಮ ಉತ್ತರಗಳನ್ನು ಮುದ್ರಿಸಿಕೊಂಡು ಸಭೆಗೆ ಒಯ್ದಿದ್ದೆ. ಜೆಸಿಬಿಯನ್ನು ಕೈಬಿಡಲು ಫಾದರ್ ಒಪ್ಪಿದರು. ನವೆಂಬರ್ 2ರೊಳಗೆ ಹುಲ್ಲು ಸವರುವುದು ಮತ್ತು ಹಾದಿ ಬಿಡಿಸುವುದಷ್ಟೇ ನಡೆಯಲಿದೆ. ಆ ದಿನ ಊರಿಗೆ ಬರುವವರೆಲ್ಲರ ಕೈಗೆ ಕೈನಕ್ಷೆಯ ಪ್ರತಿ ಕೊಟ್ಟು, ತಮ್ಮವರ ಗೋರಿಯನ್ನು ಗುರುತಿಸಿ ಹೆಸರು, ವರ್ಷ ಬರೆದುಕೊಡುವಂತೆ ಕೇಳಲಿದ್ದೇವೆ. ಪಹಣಿಯಲ್ಲಿ ಚರ್ಚಿನ ಹೆಸರೇ ಇದೆ, ವಿಸ್ತೀರ್ಣ ಮಾತ್ರ ಈಗ ಕಾಣುವುದಕ್ಕಿಂತ ಹೆಚ್ಚಿರುವಂತಿದೆ. ಹದ್ದುಬಸ್ತಿಗೆ ಅರ್ಜಿ ಹಾಕುತ್ತಿದ್ದೇವೆ. ಪಕ್ಕದ ತೋಟದ ಭಟ್ಟರು ಬಸಿಗಾಲುವೆಯ ಓಟ ನೋಡಿಕೊಡುವುದಾಗಿ ತಾವಾಗಿಯೇ ಹೇಳಿದ್ದಾರೆ. ಮರುಬಳಕೆಯ ಪ್ರಶ್ನೆ ಇತ್ಯರ್ಥವಾಗಿಲ್ಲ, ಕೊಪ್ಪದವರ ವಾದಕ್ಕೆ ಸಭೆಯಲ್ಲಿ ಬಲವಾದ ಬೆಂಬಲವಿತ್ತು. ದಾಖಲೆ ಪೂರ್ಣವಾಗುವವರೆಗೆ ಯಾವ ಹಳೆಯ ಗುಂಡಿಯನ್ನೂ ತೆರೆಯಬಾರದೆಂಬುದಕ್ಕೆ ಮಾತ್ರ ಎಲ್ಲರೂ ಒಪ್ಪಿದರು.

ದಾನಿಗಳ ಕುಟುಂಬಕ್ಕೆ ಸ್ವಲ್ಪ ನಿರಾಸೆಯಾಗಿದೆ. ಕಣ್ಣಿಗೆ ಕಾಣುವ ಕೆಲಸವೊಂದಾದರೂ ಬೇಕೆಂಬುದು ಅವರ ಬಯಕೆ, ಅದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ. ಮೇಲಿನ ಸಾಲಿನಲ್ಲಿ ಅಮೃತಶಿಲೆಯ ಶಿಲುಬೆಯೊಂದು ಮೂರು ತುಂಡಾಗಿ ಬಿದ್ದಿದೆ, ತುಂಡುಗಳೆಲ್ಲ ಅಲ್ಲಿಯೇ ಇವೆ. ಅದನ್ನು ಜೋಡಿಸಿ ನಿಲ್ಲಿಸಬಹುದೇ? ಸೀಸ ಉದುರಿದ ಅಕ್ಷರಗಳಿಗೆ ಕಪ್ಪು ಬಣ್ಣ ತುಂಬಬಹುದೇ?


ಉತ್ತರ
ಗಾರೆಕಲ್ಲು, ಶಿವಮೊಗ್ಗ

ಶಿಲುಬೆಯನ್ನು ಖಂಡಿತ ನಿಲ್ಲಿಸಬಹುದು, ದಾನಿಗಳಿಗೆ ಒಪ್ಪುವ ಕೆಲಸವೂ ಹೌದು. ಈಗಲೇ ಮಾಡಬೇಕಾದದ್ದು ಇಷ್ಟು: ಬಿದ್ದ ಸ್ಥಿತಿಯಲ್ಲಿಯೇ ಫೋಟೋ ತೆಗೆದು, ತುಂಡುಗಳಿಗೆ ಚೀಟಿ ಕಟ್ಟಿ, ಚರ್ಚಿನ ಒಣ ಕೋಣೆಯಲ್ಲಿ ಮರದ ಹಲಗೆಯ ಮೇಲೆ ಇಡಿ, ಒಡೆದ ಮುಖಗಳನ್ನು ತಿಕ್ಕಬೇಡಿ, ಅವು ಒಂದಕ್ಕೊಂದು ಕೂಡುವುದು ಆ ಒರಟಿನಿಂದಲೇ. ಹಿಂದೆ ಕಬ್ಬಿಣದ ಕಂಬಿ ಹಾಕಿ ಜೋಡಿಸಿದ್ದರೆ ಅದರ ತುಕ್ಕು ಉಬ್ಬಿ ಕಲ್ಲು ಸೀಳಿರುವ ಸಂಭವವಿದೆ, ಆ ತುಕ್ಕನ್ನು ಪೂರ್ತಿ ತೆಗೆಯದೆ ಜೋಡಿಸಿದರೆ ಅದೇ ಜಾಗದಲ್ಲಿ ಮತ್ತೆ ಸೀಳುತ್ತದೆ. ಜೋಡಣೆಗೆ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ಕಂಬಿಯೇ ಬೇಕು, ತೂತು ಕೊರೆಯುವುದನ್ನು ಕಲ್ಲಿನ ಕೆಲಸ ಬಲ್ಲವರಿಂದಲೇ ಮಾಡಿಸಿ. ಪೀಠ ಓರೆಯಾಗಿದ್ದರೆ ಮೊದಲು ಅದರ ತಳಪಾಯ ಸರಿಪಡಿಸಬೇಕು, ಅದಕ್ಕೂ ಮೊದಲು ನೀರಿನ ದಾರಿ. ಆದ್ದರಿಂದ ಬಸಿಗಾಲುವೆ ಈ ಬೇಸಿಗೆಯಲ್ಲಿ ಮುಗಿಯಲಿ, ಒಂದು ಮಳೆಗಾಲ ಕಳೆದು ಪೀಠ ಕುಸಿಯದಿರುವುದನ್ನು ನೋಡಿ ಶಿಲುಬೆಯನ್ನು ಮರುವರ್ಷ ನಿಲ್ಲಿಸಿ.

ಅಕ್ಷರಗಳಿಗೆ ಬಣ್ಣ ಬೇಡ. ಅಮೃತಶಿಲೆ ಬಣ್ಣವನ್ನು ಹೀರಿಕೊಂಡು ಅಂಚಿನ ಸುತ್ತ ಕಲೆ ಕಟ್ಟುತ್ತದೆ, ಆಮೇಲೆ ತೂತುಗಳ ಸಾಲನ್ನು ಓದಲೂ ಬರುವುದಿಲ್ಲ. ಉಳಿದ ಸೀಸವನ್ನು ಕೀಳದೆ ಹಾಗೆಯೇ ಬಿಡಿ, ನೆಲದಲ್ಲಿ ಸಿಕ್ಕ ಸೀಸದ ಅಕ್ಷರಗಳನ್ನು ಗೋರಿಯ ಸಂಖ್ಯೆ ಬರೆದ ಲಕೋಟೆಯಲ್ಲಿ ಹಾಕಿಡಿ; ಮುಟ್ಟಿದ ಮೇಲೆ ಕೈ ತೊಳೆಯಬೇಕು, ಮಕ್ಕಳ ಕೈಗೆ ಕೊಡಬಾರದು. ಹೆಸರು ಓದಲು ಸಿಗಬೇಕೆಂದಾದರೆ, ಗೋರಿಗೆ ತಾಗದಂತೆ ಅದರ ಕಾಲಬದಿಯ ನೆಲದಲ್ಲಿ ಸಣ್ಣ ಗ್ರಾನೈಟ್ ತುಂಡೊಂದನ್ನು ನೆಟ್ಟು ಅದರ ಮೇಲೆ ಪೂರ್ಣ ಬರಹವನ್ನು ಕೊರೆಸಿ. ಅದೇ ಅಳತೆಯ ತುಂಡುಗಳನ್ನು ಕೆಳಗಿನ ಸಾಲಿನ ದಿಬ್ಬಗಳಿಗೂ, ದಾಖಲೆ ಪುಸ್ತಕದಲ್ಲಿ ಹೆಸರು ಖಚಿತವಾದಂತೆಲ್ಲ, ಒಂದೊಂದಾಗಿ ನೆಡುತ್ತ ಹೋಗಬಹುದು.